ಸಣ್ಣ ಉದ್ದಿಮೆಗೆ ಸರ್ಕಾರಿ ಸಲಹೆ: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ದಿಮೆ ಹಾಕಬೇಕೆಂದು ಹೊರಟವರ ಕಣ್ಣಿಗೆ ಬೀಳುವ ಬೋರ್ಡುಗಳು ಬಹಳ: ಡಿಐಸಿ (ಜಿಲ್ಲಾ ಕೈಗಾರಿಕಾ ಕೇಂದ್ರ), ಖಾದಿ ಮಂಡಳಿ, ಆರ್‌ಸೆಟಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ), ಸಿಡಾಕ್, ಟೆಕ್ಸಾಕ್, ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆ). ಇವೆಲ್ಲ ಒಂದೇ ಕೆಲಸಕ್ಕೆ ಹುಟ್ಟಿದವಲ್ಲ. ಒಂದೊಂದು ಕಾಲದಲ್ಲಿ ಒಂದೊಂದು ಕೊರತೆ ಕಂಡಿತು, ಅದಕ್ಕೊಂದು ಕಚೇರಿ ತೆರೆದರು. ಹೊಸದು ತೆರೆದಾಗ ಹಳೆಯದನ್ನು ಮುಚ್ಚಲಿಲ್ಲ. ಯಾವುದು ಏತಕ್ಕೆ ಹುಟ್ಟಿತು ಎಂಬುದು ತಿಳಿದಿದ್ದರೆ ಯಾವ ಮಾತನ್ನು ಯಾವ ಮೇಜಿನ ಮುಂದೆ ಆಡಬೇಕು ಎಂಬುದೂ ತಿಳಿಯುತ್ತದೆ. ಅದಕ್ಕಾಗಿ ಇಲ್ಲಿ ಇತಿಹಾಸವನ್ನೂ ಲೆಕ್ಕವನ್ನೂ ಒಟ್ಟಿಗೇ ಕೊಟ್ಟಿದ್ದೇವೆ.

ಸರ್ಕಾರ ಸಣ್ಣ ಉದ್ದಿಮೆದಾರರಿಗೆ ಸಲಹೆ ಕೊಡುವುದು ಯಾವಾಗ ಶುರುವಾಯಿತು?

ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕೈಗಾರಿಕೆ ಮತ್ತು ವಾಣಿಜ್ಯಕ್ಕೆಂದೇ ಒಂದು ಇಲಾಖೆ ಬಂತು. ಅದರ ನಿರ್ದೇಶಕರಾಗಿದ್ದವರು ಆಲ್‌ಫ್ರೆಡ್ ಚಾಟರ್ಟನ್. ಅದಕ್ಕೂ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿ ಬಾವಿಗಳಿಗೆ ಎಣ್ಣೆ ಎಂಜಿನ್ ಪಂಪು ಕೂರಿಸುವುದನ್ನು ರೈತರಿಗೆ ಮಾಡಿ ತೋರಿಸಿದವರು ಇವರೇ. ಆಗಿನ ಸಲಹೆಯ ರೀತಿ ಅದು: ಯಂತ್ರ ತಂದು, ಕೂರಿಸಿ, ಓಡಿಸಿ ತೋರಿಸುವುದು. 1916ರಿಂದ 1918ರವರೆಗೆ ಕೂತ ಭಾರತೀಯ ಕೈಗಾರಿಕಾ ಆಯೋಗವು ಪ್ರತಿ ಪ್ರಾಂತ್ಯಕ್ಕೂ ಇಂಥದೊಂದು ಇಲಾಖೆ ಬೇಕೆಂದಿತು.

ನಮ್ಮ ಮೂರು ಜಿಲ್ಲೆಗಳ ನೆಲ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ 1929ರಲ್ಲಿ ಇಂಡಸ್ಟ್ರಿಯಲ್ ಟ್ರಸ್ಟ್ ಫಂಡ್ ಎಂಬ ನಿಧಿ ಸ್ಥಾಪನೆಯಾಯಿತು. ಅದು ಮುಖ್ಯವಾಗಿ ಬಂಡವಾಳ ಒದಗಿಸುವ ವ್ಯವಸ್ಥೆ. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಹಳೆ ಮೈಸೂರಿನವರಿಗೆ ಆ ಹೊತ್ತಿಗೆ ನಾಲ್ಕು ದಶಕಗಳಿಂದ ಇಲಾಖೆಯೊಂದರ ಒಡನಾಟವಿತ್ತು. ನಮ್ಮವರು ಅದೇ ಇಲಾಖೆಯ ಬಾಗಿಲಿಗೆ ಹೊಸಬರಾಗಿ ಹೋದರು. ಈ ಅಂತರವನ್ನು ಮರೆತು ಇಲ್ಲಿಯ ಉದ್ದಿಮೆಯ ಸ್ಥಿತಿಗತಿ ಮಾತಾಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

1954ರಲ್ಲಿ ಏನಾಯಿತು? ಎಲ್ಲರೂ ಅದನ್ನೇ ಹೇಳುತ್ತಾರಲ್ಲ?

ಕೇಂದ್ರ ಸರ್ಕಾರ ಕರೆಸಿಕೊಂಡ ಫೋರ್ಡ್ ಫೌಂಡೇಶನ್ ತಂಡ 1953–54ರಲ್ಲಿ ದೇಶ ಸುತ್ತಿ ವರದಿ ಕೊಟ್ಟಿತು. ಸಣ್ಣ ಘಟಕಗಳಿಗೆ ದುಡ್ಡೊಂದೇ ಕೊರತೆಯಲ್ಲ. ಯಂತ್ರದ ಆಯ್ಕೆ, ತಯಾರಿಕೆಯ ವಿಧಾನ, ಮಾರಾಟ, ಲೆಕ್ಕ ಇಡುವುದು ಎಲ್ಲದರಲ್ಲೂ ಕೈಹಿಡಿಯುವವರು ಬೇಕು ಎಂಬುದು ಅದರ ಸಾರ. ಅದರ ಮೇಲೆ 1954ರಲ್ಲಿ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಆಯುಕ್ತರ ಕಚೇರಿ ಬಂತು, ಅದರಡಿ ಸಣ್ಣ ಕೈಗಾರಿಕಾ ಸೇವಾ ಸಂಸ್ಥೆಗಳು ಬಂದವು. ಹಳಬರು 'ಸಿಸಿ' ಎನ್ನುವುದು ಇವನ್ನೇ. (ಬ್ಯಾಂಕಿನ ಸಿಸಿ ಬೇರೆ, ಅದು ಕ್ಯಾಶ್ ಕ್ರೆಡಿಟ್.) ಮೊದಲು ಪ್ರಾದೇಶಿಕವಾಗಿ ನಾಲ್ಕು ಸಂಸ್ಥೆ, ಆಮೇಲೆ ರಾಜ್ಯಗಳಿಗೆ ಹಬ್ಬಿದವು. ಕರ್ನಾಟಕದ್ದು ಬೆಂಗಳೂರಿನ ರಾಜಾಜಿನಗರದಲ್ಲಿ. ಕಲಬುರಗಿಯ ಶಾಖೆ ಎಂಎಸ್‌ಕೆ ಮಿಲ್ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ.

ಅಲ್ಲಿ ಸಿಗುತ್ತಿದ್ದದ್ದು ಸಬ್ಸಿಡಿಯಲ್ಲ. ಯಾವ ಸಾಮಾನಿಗೆ ಯಾವ ಯಂತ್ರ, ಎಷ್ಟು ಎಚ್‌ಪಿ, ಎಷ್ಟು ಕಚ್ಚಾಮಾಲಿಗೆ ಎಷ್ಟು ಸಿದ್ಧಮಾಲು ಎಂದು ಬರೆದ ಯೋಜನಾ ಕೈಪಿಡಿ, ಬಿಡಿಭಾಗದ ನಕ್ಷೆ, ವರ್ಕ್‌ಶಾಪಿನ ಸೌಲಭ್ಯ, ಸುಧಾರಿತ ಉಪಕರಣಗಳನ್ನು ಹೊತ್ತು ಊರೂರಿಗೆ ಹೋಗುವ ವ್ಯಾನು. 1955ರಲ್ಲಿ ಹುಟ್ಟಿದ ರಾಷ್ಟ್ರೀಯ ಸಣ್ಣ ಕೈಗಾರಿಕಾ ನಿಗಮ ಯಂತ್ರವನ್ನು ಕಂತಿನ ಮೇಲೆ ಕೊಡಿಸುತ್ತಿತ್ತು. ಆಗ ಸಣ್ಣ ಕೈಗಾರಿಕೆ ಎಂದರೆ ಬಂಡವಾಳ 5 ಲಕ್ಷ ರೂಪಾಯಿ ಒಳಗೆ, ವಿದ್ಯುತ್ ಬಳಸಿದರೆ 50ಕ್ಕಿಂತ ಕಡಿಮೆ, ಬಳಸದಿದ್ದರೆ 100ಕ್ಕಿಂತ ಕಡಿಮೆ ಕೆಲಸಗಾರರು.

ಹಾಗಾದರೆ ಡಿಐಸಿ ಯಾಕೆ ಬೇಕಾಯಿತು?

ಸೇವಾ ಸಂಸ್ಥೆ ಇದ್ದದ್ದು ದೊಡ್ಡ ಊರಲ್ಲಿ. ಔರಾದದ ಬಡಗಿ, ಸುರಪುರದ ನೇಕಾರ, ಚಿಂಚೋಳಿಯ ಕಲ್ಲಿನ ಕೆಲಸದವನು ಅಲ್ಲಿಗೆ ಹೋಗುತ್ತಿರಲಿಲ್ಲ. ಜೊತೆಗೆ ಸಾಲಕ್ಕೊಂದು, ಕಚ್ಚಾಮಾಲಿಗೊಂದು, ಶೆಡ್ಡಿಗೊಂದು ಕಚೇರಿ. 1977ರ ಡಿಸೆಂಬರ್ 23ರ ಕೈಗಾರಿಕಾ ನೀತಿ ಹೇಳಿಕೆ (ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರು) ಎಲ್ಲವನ್ನೂ ಜಿಲ್ಲೆಯಲ್ಲಿ ಒಂದೇ ಸೂರಿನಡಿ ತರಬೇಕೆಂದಿತು. 1978ರ ಮೇ 1ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಶುರುವಾದವು.

ಮೂಲ ಕಲ್ಪನೆಯಲ್ಲಿ ಒಬ್ಬ ಜನರಲ್ ಮ್ಯಾನೇಜರ್, ಅವರ ಕೈಕೆಳಗೆ ಏಳು ಜನ ಮ್ಯಾನೇಜರ್‌ಗಳು: ಸಮೀಕ್ಷೆ, ಯಂತ್ರ, ಸಂಶೋಧನೆ-ತರಬೇತಿ, ಕಚ್ಚಾಮಾಲು, ಸಾಲ, ಮಾರಾಟ, ಗುಡಿ ಕೈಗಾರಿಕೆ. ಕೆಲವೇ ವರ್ಷಗಳಲ್ಲಿ ಏಳು ನಾಲ್ಕಾಯಿತು. 1993–94ರ ನಂತರ ಕೇಂದ್ರದ ಅನುದಾನ ನಿಂತು ಪೂರ್ತಿ ಭಾರ ರಾಜ್ಯಕ್ಕೆ ಬಂತು. ದೊಡ್ಡ ದೋಷ ಇನ್ನೊಂದು ಕಡೆ ಇತ್ತು: ಸಾಲದ ಅಧಿಕಾರ ಬ್ಯಾಂಕಿನಲ್ಲೇ, ಕರೆಂಟಿನದು ವಿದ್ಯುತ್ ಮಂಡಳಿಯಲ್ಲೇ, ಜಮೀನಿನದು ಕಂದಾಯ ಇಲಾಖೆಯಲ್ಲೇ ಉಳಿಯಿತು. ಡಿಐಸಿ ಶಿಫಾರಸು ಮಾಡಬಲ್ಲದು, ಆದೇಶ ಕೊಡಲಾರದು. ಇಂದಿಗೂ ಹಾಗೇ. ಅಲ್ಲಿಯ ಅಧಿಕಾರಿ 'ಬ್ಯಾಂಕಿಗೆ ಕಳಿಸಿದ್ದೇವೆ' ಎಂದರೆ ಅದು ಜಾರಿಕೊಳ್ಳುವ ಮಾತು ಆಗಿರಬೇಕಿಲ್ಲ. ಅವರ ಅಧಿಕಾರ ಮುಗಿಯುವುದೇ ಅಲ್ಲಿಗೆ.

ಕರ್ನಾಟಕದಲ್ಲಿ ಈಗ ಮುಖ್ಯಸ್ಥರು ಜಂಟಿ ನಿರ್ದೇಶಕರು. ತಾಲ್ಲೂಕಿನ ಮಟ್ಟದಲ್ಲಿ ಕೈಗಾರಿಕಾ ವಿಸ್ತರಣಾಧಿಕಾರಿ. ಮೊದಲು ಭೇಟಿಯಾಗಬೇಕಾದವರು ಇವರೇ.

ಯಾದಗಿರಿಯ ಹಳೆಯ ದಾಖಲೆ ಎಲ್ಲಿ ಹುಡುಕಬೇಕು?

ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ಅದಕ್ಕೂ ಮೊದಲು ಶಹಾಪುರ, ಸುರಪುರ, ಯಾದಗಿರಿ ತಾಲ್ಲೂಕಿನ ಘಟಕಗಳು ಆಗಿನ ಗುಲಬರ್ಗಾ ಡಿಐಸಿಯಲ್ಲಿ ನೋಂದಣಿಯಾದವು. ಅಪ್ಪನ ಕಾಲದ ಎಸ್‌ಎಸ್‌ಐ (ಸಣ್ಣ ಕೈಗಾರಿಕೆ) ಪ್ರಮಾಣಪತ್ರದ ನಕಲು ಬೇಕಿದ್ದರೆ ಎರಡೂ ಕಡೆ ವಿಚಾರಿಸಿ. ನೋಂದಣಿ ಸಂಖ್ಯೆ, ವರ್ಷ, ಘಟಕದ ಹೆಸರು ಬರೆದುಕೊಂಡು ಹೋಗಿ.

ಎಸ್‌ಎಸ್‌ಐ, ಇಎಂ, ಉದ್ಯೋಗ್ ಆಧಾರ್, ಉದ್ಯಮ್: ಇವೆಲ್ಲ ಒಂದೇನಾ?

ಒಂದರ ಜಾಗಕ್ಕೆ ಒಂದು ಬಂದದ್ದು. ಡಿಐಸಿಯ ತಾತ್ಕಾಲಿಕ ಮತ್ತು ಕಾಯಂ ಎಸ್‌ಎಸ್‌ಐ ನೋಂದಣಿ ಮೊದಲು. 2006ರ ಅಕ್ಟೋಬರ್ 2ರಂದು ಎಂಎಸ್‌ಎಂಇ ಕಾಯ್ದೆ ಜಾರಿಯಾದ ಮೇಲೆ ಇಎಂ (ಉದ್ದಿಮೆದಾರರ ಜ್ಞಾಪನಾ ಪತ್ರ) ಭಾಗ ಒಂದು ಮತ್ತು ಎರಡು. 2015ರಿಂದ ಉದ್ಯೋಗ್ ಆಧಾರ್. 2020ರ ಜುಲೈ 1ರಿಂದ ಉದ್ಯಮ್. ಹಳೆಯವು ಈಗ ನಡೆಯುವುದಿಲ್ಲ.

2025ರ ಏಪ್ರಿಲ್ 1ರಿಂದ ಮಿತಿ ಹೀಗಿದೆ: ಅತಿ ಸಣ್ಣ ಘಟಕಕ್ಕೆ ಯಂತ್ರೋಪಕರಣದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ಒಳಗೆ. ಸಣ್ಣದಕ್ಕೆ 25 ಕೋಟಿ ಮತ್ತು 100 ಕೋಟಿ. ಮಧ್ಯಮಕ್ಕೆ 125 ಕೋಟಿ ಮತ್ತು 500 ಕೋಟಿ.

ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ಪೋರ್ಟಲ್‌ನಂತೆಯೇ ಕಾಣುವ ಖಾಸಗಿ ಜಾಲತಾಣಗಳು ಸಾವಿರ, ಎರಡು ಸಾವಿರ ಕೇಳುತ್ತವೆ. ಹಣ ಕಟ್ಟಿ ಎಂಬ ಪುಟ ಬಂದ ಕೂಡಲೇ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಆಧಾರ್, ಪ್ಯಾನ್, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರೆ ಡಿಐಸಿಯಲ್ಲೇ ಕೇಳಿ ಮಾಡಿಸಿಕೊಳ್ಳಬಹುದು.

ಗಂಜ್‌ನ ವ್ಯಾಪಾರಿಗಳಿಗೊಂದು ಮಾತು: 2021ರ ಜುಲೈಯಿಂದ ಬರೀ ಖರೀದಿ-ಮಾರಾಟದವರಿಗೂ ಉದ್ಯಮ್ ಸಿಗುತ್ತದೆ. ಆದರೆ ಅದರ ಲಾಭ ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ.

ಟೆಕ್ಸಾಕ್, ಸಿಡಾಕ್, ಆರ್‌ಸೆಟಿ ಇವುಗಳಲ್ಲಿ ವ್ಯತ್ಯಾಸವೇನು?

ಟೆಕ್ಸಾಕ್ 1976ರ ರಾಜ್ಯ ಸರ್ಕಾರಿ ಸಲಹಾ ಸಂಸ್ಥೆ. ಶುಲ್ಕ ಪಡೆದು ಯೋಜನಾ ವರದಿ, ಮಾರುಕಟ್ಟೆ ಸಮೀಕ್ಷೆ, ಯಂತ್ರದ ಮೌಲ್ಯಮಾಪನ ಮಾಡಿಕೊಡುತ್ತದೆ. ಧಾರವಾಡದ ಸಿಡಾಕ್ 1992ರದು. ಉದ್ಯಮಶೀಲತಾ ತರಬೇತಿ ಅದರ ಕೆಲಸ. ಆರ್‌ಸೆಟಿಯ ಬೇರು ಉಜಿರೆಯಲ್ಲಿದೆ: 1982ರಲ್ಲಿ ಧರ್ಮಸ್ಥಳ ಹಾಗೂ ಸಿಂಡಿಕೇಟ್, ಕೆನರಾ ಬ್ಯಾಂಕುಗಳು ಕೂಡಿ ರುಡ್‌ಸೆಟ್ ಸಂಸ್ಥೆ ಕಟ್ಟಿದವು, ಆ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದರಂತೆ ಹರಡಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆಯಂಥ ಕೆಲಸ ಕಲಿತು ಅದರಲ್ಲೇ ಬದುಕು ಕಟ್ಟಿಕೊಳ್ಳುವವರಿಗೆ ಮೂರರಲ್ಲಿ ಇದೇ ಮೇಲು.

ಬೀದರ್‌ನ ಬಿದ್ರಿ ಕೆಲಸದವರು ಡಿಐಸಿಗೆ ಹೋಗಬೇಕೇ?

ಸಾಲಕ್ಕೆ ಹೌದು. ವಿನ್ಯಾಸ, ಉಪಕರಣ, ಮೇಳಗಳ ಮಳಿಗೆಗೆ ಅಲ್ಲ. ಕರಕುಶಲಕ್ಕೆ ಸರ್ಕಾರದ ದಾರಿ ಮೊದಲಿಂದಲೂ ಬೇರೆ: 1952ರಲ್ಲೇ ಅಖಿಲ ಭಾರತ ಕರಕುಶಲ ಮಂಡಳಿ ಆಗಿತ್ತು, ಈಗ ಆ ಕೆಲಸ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರದು. ಕುಶಲಕರ್ಮಿಯ 'ಪೆಹಚಾನ್' ಕಾರ್ಡು ಮೊದಲು ಮಾಡಿಸಿ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಬಿದ್ರಿಗೆ ಭೌಗೋಳಿಕ ಗುರುತು ಸಿಕ್ಕಿ ವರ್ಷಗಳಾದರೂ, ಆ ಗುರುತನ್ನು ಮಾಲಿನ ಮೇಲೆ ಹಾಕಲು ಒಬ್ಬೊಬ್ಬ ಕುಶಲಕರ್ಮಿಯೂ ಅಧಿಕೃತ ಬಳಕೆದಾರನಾಗಿ ನೋಂದಾಯಿಸಬೇಕು. ಇದನ್ನು ಬಿಟ್ಟವರೇ ಹೆಚ್ಚು.

ಕುಶಲಕರ್ಮಿಗಳಿಗೆಂದೇ ಇರುವ ಕೇಂದ್ರದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಿದ್ರಿ ಎಂದು ಬೇರೆಯಾಗಿ ಬರೆದಿಲ್ಲ. ಅರ್ಜಿಗೆ ಮುನ್ನ ತಮ್ಮ ಕೆಲಸ ಯಾವ ಕಸುಬಿನಡಿ ಬರುತ್ತದೆ ಎಂದು ಡಿಐಸಿಯಲ್ಲಿ ಕೇಳಿಕೊಳ್ಳಿ.

ಮೊದಲ ಸಲ ಡಿಐಸಿಗೆ ಹೋಗುವಾಗ ಏನು ಒಯ್ಯಬೇಕ್ರಿ?

ಸಬ್ಸಿಡಿ ಎಷ್ಟು ಎಂಬ ಪ್ರಶ್ನೆಯನ್ನು ಕಡೆಗಿಡಿ. ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ: ಏನು ಮಾಡುತ್ತೀರಿ, ದಿನಕ್ಕೆ ಎಷ್ಟು ಕಿಲೋ, ಕಚ್ಚಾಮಾಲು ಎಲ್ಲಿಂದ, ಯಾರಿಗೆ ಮಾರುತ್ತೀರಿ, ಅವರು ಎಷ್ಟು ದಿನಕ್ಕೆ ಹಣ ಕೊಡುತ್ತಾರೆ, ಜಾಗ ಸ್ವಂತದ್ದೋ ಬಾಡಿಗೆಯದೋ, ಎಷ್ಟು ಎಚ್‌ಪಿ ಬೇಕು, ಕೈಯಲ್ಲಿ ಎಷ್ಟು ದುಡ್ಡಿದೆ. ಜೊತೆಗೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ವಿದ್ಯಾರ್ಹತೆ ಮತ್ತು ಜಾತಿ ಪ್ರಮಾಣಪತ್ರ, ಜಾಗದ ಕಾಗದ, ಯಂತ್ರಕ್ಕೆ ಕನಿಷ್ಠ ಎರಡು ಕೊಟೇಷನ್. ಕೊಟೇಷನ್‌ನಲ್ಲಿ ಜಿಎಸ್‌ಟಿ, ಸಾಗಾಣಿಕೆ, ಕೂರಿಸುವ ಖರ್ಚು ಬೇರೆ ಬೇರೆಯಾಗಿ ಇರಲಿ. ಅವನ್ನು ಬಿಟ್ಟು ಬರೆಸಿದರೆ ಸಾಲ ಮಂಜೂರಾದ ಮೇಲೆ ಅಷ್ಟು ದುಡ್ಡು ಕಡಿಮೆ ಬೀಳುತ್ತದೆ, ಯಂತ್ರ ಪಾರ್ಸಲ್ ಆಫೀಸಿನಲ್ಲೇ ಕೂರುತ್ತದೆ.

ಜಾಗ ಹೊಲದ್ದಾಗಿದ್ದರೆ ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿದೆಯೇ ನೋಡಿ. ಪಹಣಿಯಲ್ಲಿ ಇನ್ನೂ ಕೃಷಿ ಎಂದಿರುವ ಜಾಗದಲ್ಲಿ ಶೆಡ್ ಎಬ್ಬಿಸಿದರೆ ಬ್ಯಾಂಕಿನ ವಕೀಲರ ಅಭಿಪ್ರಾಯದಲ್ಲೇ ಕಡತ ನಿಲ್ಲುತ್ತದೆ, ಜೆಸ್ಕಾಂನಲ್ಲೂ ತೊಡಕು. ಇದನ್ನು ತಪ್ಪಿಸಬೇಕೆಂದರೆ ಕಪನೂರು, ನೌಬಾದ್, ಕೊಳಾರ, ಕಡೇಚೂರಿನಂಥ ಕೈಗಾರಿಕಾ ಪ್ರದೇಶದಲ್ಲಿ ಜಾಗ ವಿಚಾರಿಸಿ. ದೊಡ್ಡ ಯೋಜನೆ, 15 ಕೋಟಿವರೆಗಿನದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯ ಮುಂದೆ ಬರುತ್ತದೆ.

ಯೋಜನಾ ವರದಿ ಯಾರಾದರೂ ಬರೆದುಕೊಟ್ಟರೆ ಸಾಲದೇ?

ಸಾಲದು. ಅತಿ ಹೆಚ್ಚು ಘಟಕಗಳು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಸಣ್ಣದೊಂದು ಬೇಳೆ ಗಿರಣಿ ತೆಗೆದುಕೊಳ್ಳಿ. ದಿನಕ್ಕೆ 5 ಕ್ವಿಂಟಲ್ ತೊಗರಿ, ತಿಂಗಳಿಗೆ 25 ದಿನ ಕೆಲಸ. ತಿಂಗಳಿಗೆ 125 ಕ್ವಿಂಟಲ್. ಕ್ವಿಂಟಲ್‌ಗೆ 7,000 ರೂಪಾಯಿ ಎಂದು ಹಿಡಿದರೆ ಒಂದು ತಿಂಗಳ ಮಾಲಿಗೇ 8,75,000. ನೂರು ಕಿಲೋ ತೊಗರಿಗೆ ಬೇಳೆ ಇಳಿಯುವುದು ಸುಮಾರು 70ರಿಂದ 75 ಕಿಲೋ. ಉಳಿದದ್ದು ನುಚ್ಚು, ಹೊಟ್ಟು, ಪುಡಿ. ನಕಲು ಮಾಡಿದ ವರದಿಗಳಲ್ಲಿ 80, 85 ಎಂದು ಬರೆದಿರುತ್ತಾರೆ. ಆ ಹತ್ತು ಕಿಲೋದಲ್ಲೇ ಕಾಗದದ ಮೇಲಿನ ಲಾಭವೆಲ್ಲ ಇರುತ್ತದೆ.

ಇನ್ನು ಕಾಲ. ತೊಗರಿ ರಾಶಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ. ಆವಕ ಇದ್ದಾಗ ಕೊಳ್ಳದಿದ್ದರೆ ಆಮೇಲೆ ಏರಿದ ದರಕ್ಕೆ ಕೊಳ್ಳಬೇಕು. ಮೂರು ತಿಂಗಳ ಮಾಲು, ಅಂದರೆ 375 ಕ್ವಿಂಟಲ್, ಕೂಡಿಡಲು 26,25,000 ಬೇಕು. ವರದಿಯಲ್ಲಿ ದುಡಿಯುವ ಬಂಡವಾಳ ಎಂದು 3 ಲಕ್ಷ ಬರೆದಿದ್ದರೆ ಗಿರಣಿ ಉದ್ಘಾಟನೆಯಾದ ಎರಡನೇ ವಾರಕ್ಕೇ ನಿಲ್ಲುತ್ತದೆ. ಬೇಳೆಯನ್ನು ತಿಂಗಳ ಉದ್ದರಿಗೆ ಕೊಟ್ಟರೆ ಇನ್ನೊಂದು ತಿಂಗಳ ದುಡ್ಡು ಹೊರಗಿರುತ್ತದೆ. ಇದಕ್ಕೆ ಬೇರೆ ಸಿಸಿ ಮಿತಿ ಕೇಳಬೇಕು, ಇಲ್ಲವೇ ಮಾನ್ಯತೆಯಿರುವ ಉಗ್ರಾಣದಲ್ಲಿ ಮಾಲಿಟ್ಟು ಅದರ ರಸೀದಿಯ ಮೇಲೆ ಸಾಲ ಪಡೆಯಬೇಕು. ಇದನ್ನು ಮೊದಲ ದಿನವೇ ವರದಿಯಲ್ಲಿ ಬರೆಸಿ.

ಮೂರನೆಯದು ಒಣಗಿಸುವ ಜಾಗ. ತೊಗರಿಯ ಸಿಪ್ಪೆ ಅಂಟಿನಿಂದ ಬೇಳೆಗೆ ಬಿಗಿಯಾಗಿ ಕೂತಿರುತ್ತದೆ. ಗೀರು ಹಾಕಿ, ಎಣ್ಣೆ ಸವರಿ, ನೀರು ಚಿಮುಕಿಸಿ, ಬಿಸಿಲಿಗೆ ಹಾಕಿದ ಮೇಲೇ ಅದು ಬಿಡುವುದು. ಶೆಡ್ಡಿನ ಖರ್ಚು ಬರೆದು ಅಂಗಳ ಬಿಟ್ಟರೆ, ಡ್ರೈಯರ್ ಕೂಡ ಇಲ್ಲದಿದ್ದರೆ, ಮಳೆಗಾಲದಲ್ಲಿ ಯಂತ್ರ ಸುಮ್ಮನಿರುತ್ತದೆ, ಬ್ಯಾಂಕಿನ ಕಂತು ಸುಮ್ಮನಿರುವುದಿಲ್ಲ.

ಇಂಥ ಪ್ರಶ್ನೆಗೆ ಉತ್ತರ ಯೋಜನೆಯ ಮಾರ್ಗಸೂಚಿಯಲ್ಲಿ ಸಿಗದು. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ), ರಾಯಚೂರು ಕೃಷಿ ವಿಶ್ವವಿದ್ಯಾಲಯ, ಕಲಬುರಗಿ ಹಾಗೂ ಬೀದರ್‌ನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿ. 1954ರ ಕಲ್ಪನೆಯಲ್ಲಿ ಸರ್ಕಾರಿ ಸಲಹೆ ಎಂದರೆ ಇದೇ ಆಗಿತ್ತು. ವರ್ಷಗಳು ಕಳೆದಂತೆ ಸಲಹೆಯ ಮೇಜು ಸಬ್ಸಿಡಿಯ ಮೇಜಾಯಿತು, ಯಂತ್ರದ ಮಾತು ಹಿಂದೆ ಬಿತ್ತು. ಆದರೆ ಆ ತಿಳಿವಳಿಕೆ ಇರುವ ಸಂಸ್ಥೆಗಳು ಇನ್ನೂ ಇವೆ, ಕೇಳುವವರು ಕಡಿಮೆಯಾಗಿದ್ದಾರೆ. ಸಾಲಕ್ಕೆ ಅರ್ಜಿ ಹಾಕುವ ಮೊದಲು ಅಲ್ಲಿಗೆ ಹೋಗಿ ಬನ್ನಿ.

ಪಿಎಂಇಜಿಪಿ ಸಬ್ಸಿಡಿ ಕೈಗೆ ಬರ್ತದೇನ್ರಿ?

ಬರುವುದಿಲ್ಲ. 1993ರ ಪ್ರಧಾನಮಂತ್ರಿ ರೋಜಗಾರ್ ಯೋಜನೆ ಮತ್ತು ಖಾದಿ ಆಯೋಗದ ಗ್ರಾಮೀಣ ಉದ್ಯೋಗ ಯೋಜನೆ ಕೂಡಿ 2008ರಲ್ಲಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ) ಆಯಿತು. ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆ. ಸಬ್ಸಿಡಿ ಸಾಮಾನ್ಯ ವರ್ಗಕ್ಕೆ ಪಟ್ಟಣದಲ್ಲಿ ಶೇ 15, ಹಳ್ಳಿಯಲ್ಲಿ ಶೇ 25. ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಹಿಳೆಯರು ಮೊದಲಾದವರಿಗೆ ಶೇ 25 ಮತ್ತು 35. ತಮ್ಮ ಪಾಲು ಸಾಮಾನ್ಯರಿಗೆ ಶೇ 10, ಉಳಿದವರಿಗೆ ಶೇ 5.

ಆಳಂದದ ಹಳ್ಳಿಯೊಂದರಲ್ಲಿ ಮಹಿಳೆಯೊಬ್ಬರು 20 ಲಕ್ಷದ ಘಟಕ ಹಾಕುತ್ತಾರೆ ಎನ್ನಿ. ಅವರದು 1 ಲಕ್ಷ. ಬ್ಯಾಂಕು 19 ಲಕ್ಷ ಕೊಡುತ್ತದೆ. ಸಬ್ಸಿಡಿಯ 7 ಲಕ್ಷ ಅದೇ ಬ್ಯಾಂಕಿನಲ್ಲಿ ಅವರ ಹೆಸರಿನ ಠೇವಣಿಯಾಗಿ 3 ವರ್ಷ ಇರುತ್ತದೆ. ಠೇವಣಿಗೆ ಬಡ್ಡಿ ಇಲ್ಲ, ಸಾಲದಲ್ಲಿ ಅಷ್ಟು ಮೊತ್ತಕ್ಕೂ ಬಡ್ಡಿ ಹಾಕುವಂತಿಲ್ಲ. ಘಟಕ ನಡೆಯುತ್ತಿದ್ದರೆ ಮೂರು ವರ್ಷದ ಮೇಲೆ ಸಾಲಕ್ಕೆ ಜಮೆ. ಬಡ್ಡಿ ನಿಜವಾಗಿಯೂ 12 ಲಕ್ಷಕ್ಕೇ ಬೀಳುತ್ತಿದೆಯೇ ಎಂದು ಸ್ಟೇಟ್‌ಮೆಂಟ್ ತೆಗೆಸಿ ನೋಡಿ, ತಪ್ಪಿದ್ದರೆ ಶಾಖೆಗೆ ಲಿಖಿತವಾಗಿ ಕೊಡಿ.

ತಪ್ಪುವ ಜಾಗಗಳು: ಜಮೀನಿನ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವುದು (ಸೇರಿಸುವಂತಿಲ್ಲ), ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಹೊಸದೆಂದು ಅರ್ಜಿ ಹಾಕುವುದು, ತಯಾರಿಕೆಗೆ 10 ಲಕ್ಷ, ಸೇವೆಗೆ 5 ಲಕ್ಷ ದಾಟಿದ ಯೋಜನೆಗೆ 8ನೇ ತರಗತಿ ಪಾಸಾದ ದಾಖಲೆ ಇಲ್ಲದಿರುವುದು. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ. ದುಡಿಯುವ ಬಂಡವಾಳದ ಮಿತಿಯನ್ನು ಆ ಮೂರು ವರ್ಷದೊಳಗೆ ಒಮ್ಮೆಯಾದರೂ ಪೂರ್ತಿ ಮುಟ್ಟಬೇಕು, ಒಟ್ಟಾರೆ ಬಳಕೆ ಶೇ 75ಕ್ಕಿಂತ ಕೆಳಗೆ ಇಳಿಯಬಾರದು. ಮಿತಿ ಇದ್ದೂ ಬಳಸದೆ ಬಿಟ್ಟವರಿಗೆ ಸಬ್ಸಿಡಿ ಹೊಂದಾಣಿಕೆ ವೇಳೆ ತಕರಾರು ಬರುತ್ತದೆ.

ತಿನಿಸಿನ ಘಟಕಕ್ಕೆ ಬೇರೆ ಯೋಜನೆ ಇದೆಯಂತೆ?

ಇದೆ, ಪಿಎಂಎಫ್‌ಎಂಇ (ಅತಿ ಸಣ್ಣ ಆಹಾರ ಸಂಸ್ಕರಣಾ ಘಟಕಗಳ ಪ್ರಧಾನಮಂತ್ರಿ ಯೋಜನೆ), 2020ರ ಜೂನ್‌ನಲ್ಲಿ ಬಂದದ್ದು. ಕೇಂದ್ರದ ಸಬ್ಸಿಡಿ ಶೇ 35, ಹೆಚ್ಚೆಂದರೆ 10 ಲಕ್ಷ. ಕರ್ನಾಟಕ ಸರ್ಕಾರ ಶೇ 15 ಸೇರಿಸಿ ಒಟ್ಟು ಶೇ 50, ಹೆಚ್ಚೆಂದರೆ 15 ಲಕ್ಷ ಮಾಡಿದೆ. ಈಗ ನಡೆಯುತ್ತಿರುವ ರೊಟ್ಟಿ ಕೇಂದ್ರ, ಖಾರದಪುಡಿ ಗಿರಣಿ, ಎಣ್ಣೆ ಗಾಣಗಳಿಗೂ ಅನ್ವಯ. ಪಿಎಂಇಜಿಪಿಯಲ್ಲಿ ಹೊರಗುಳಿದವರಿಗೆ ಇದು ದಾರಿ. ಒಂದು ಜಿಲ್ಲೆ ಒಂದು ಉತ್ಪನ್ನದಡಿ ಬೀದರ್‌ಗೆ ಶುಂಠಿ, ಕಲಬುರಗಿಗೆ ತೊಗರಿ.

ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ (ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ). ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳಿದ್ದಾರೆ; ವರದಿ ಬರೆಯುವುದು, ಬ್ಯಾಂಕಿಗೆ ಅಲೆಯುವುದು, ಆಹಾರ ಸುರಕ್ಷತೆಯ ನೋಂದಣಿ ಮಾಡಿಸುವುದು ಅವರ ಕೆಲಸ. ಮಂಜೂರಾದ ಒಂದೊಂದು ಸಾಲಕ್ಕೂ ಸರ್ಕಾರವೇ ಅವರಿಗೆ ಹಣ ಕೊಡುತ್ತದೆ, ನೀವು ಕೊಡಬೇಕಿಲ್ಲ.

ಮೇಲಿನ ಎರಡೂ ಯೋಜನೆಯ ಅಂಕಿಗಳು 2025–26ನೇ ಹಣಕಾಸು ವರ್ಷದವರೆಗಿನ ಅವಧಿಗೆ ನಿಗದಿಯಾದವು. ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಸುತ್ತೋಲೆಯನ್ನು ಕೇಳಿ ಓದಿ.

ಬ್ಯಾಂಕಿನವರು ಹೊಲ ಅಡವಿಡಿ ಎನ್ನುತ್ತಾರೆ. ಸರಿಯೇ?

ಸಣ್ಣ ಉದ್ದಿಮೆಯ ಸಾಲಕ್ಕೆ ನಿಗದಿತ ಮಿತಿಯವರೆಗೆ (2025ರಲ್ಲಿ 10 ಲಕ್ಷ) ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ಅದಕ್ಕಿಂತ ಮೇಲಿನದಕ್ಕೆ 2000ರಲ್ಲಿ ಸ್ಥಾಪನೆಯಾದ ಸಾಲ ಖಾತರಿ ನಿಧಿ ಇದೆ. ಖಾತರಿ ಬ್ಯಾಂಕಿಗೆ ಕೊಡುವ ರಕ್ಷಣೆ. ನಿಮ್ಮ ಸಾಲ ಅದರಿಂದ ಮನ್ನಾ ಆಗುವುದಿಲ್ಲ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದನ್ನು ಹಿಡಿದು ಲೀಡ್ ಬ್ಯಾಂಕ್ ಮ್ಯಾನೇಜರ್ (ಜಿಲ್ಲೆಯ ಬ್ಯಾಂಕುಗಳ ಸಮನ್ವಯ ನೋಡುವವರು) ಬಳಿ ಹೋಗಿ. ಬಾಯಿಮಾತಿನ ನಿರಾಕರಣೆಗೆ ಮೇಲ್ಮನವಿ ಇಲ್ಲ.

ಮಾಲು ಕೊಟ್ಟು ಆರು ತಿಂಗಳಾಯಿತು, ದುಡ್ಡು ಬಂದಿಲ್ಲ. ಸರ್ಕಾರಿ ಸಲಹೆ ಇದಕ್ಕೂ ಇದೆಯೇ?

ಇದೆ. 2006ರ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಘಟಕಕ್ಕೆ ಕೊಳ್ಳುವವರು ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಟ್ಟರೆ ಅದು ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿಯ ಆದೇಶದ ವಿರುದ್ಧ ಕೊಂಡವರು ಕೋರ್ಟಿಗೆ ಹೋಗಬೇಕಾದರೆ ಮೊದಲು ಶೇ 75 ಹಣ ಠೇವಣಿ ಇಡಬೇಕು.

ಬೇಕಾದವು: ಖರೀದಿ ಆದೇಶ, ಬಿಲ್ಲು, ಮಾಲು ಮುಟ್ಟಿದ್ದಕ್ಕೆ ಸಹಿ ಮಾಡಿದ ಚಲನ್, ಉದ್ಯಮ್ ಪ್ರಮಾಣಪತ್ರ. ಕೊನೆಯದು ಮಾಲು ಕೊಡುವ ದಿನಕ್ಕಿಂತ ಮೊದಲಿನದಾಗಿರಲಿ. ಆಮೇಲೆ ಮಾಡಿಸಿದರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚು ಮಾಡಿಸಿ. ಚಲನ್ ಮೇಲೆ ಸಹಿಯ ಜೊತೆಗೆ ಹೆಸರು, ತಾರೀಕು ಬರೆಸಿಕೊಳ್ಳಿ, ಬರೀ ಸೀಲು ಸಾಲದು.